ಕಲರ್ ಪೆನ್ಸಿಲ್ ಸ್ವಚಿತ್ರ: ಇಳಕಲ್ ಸೀರೆ, ಕೊಕ್ಕೆತಾತಿ, ಒಂದೇ ಮುಖ. ಕೂಡಿಸುವುದು ಹೇಗೆ?

ಗೆರೆ_ನೆರಳು (ಪ್ರಶ್ನೆ)

ತಾಯಿಯ ಕಡೆ ಕೊಡವರು, ತಂದೆಯ ಕಡೆ ಬಾಗಲಕೋಟೆ. ಈ ಎರಡನ್ನೂ ಇಟ್ಟುಕೊಂಡು ಕಲರ್ ಪೆನ್ಸಿಲ್‌ನಲ್ಲಿ ಸ್ವಚಿತ್ರ ಮಾಡಬೇಕು. ಎ3 ಅಳತೆ, 300 ಜಿಎಸ್ಎಂ ಹಾಟ್ ಪ್ರೆಸ್ (ನುಣುಪು ಮೈಯ) ಕಾಗದ, ಫೇಬರ್-ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್ ಪೆನ್ಸಿಲ್. ಜೊತೆಗೆ ಪ್ರಿಸ್ಮಾಕಲರ್‌ನ ಒಂದು ಬಿಳಿ ಪೆನ್ಸಿಲ್ ಇದೆ.

ಈಗಿನ ಯೋಜನೆ: ಮುಖದ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ. ಒಂದು ಅರ್ಧಕ್ಕೆ ಇಳಕಲ್ ಸೀರೆ, ಖಣದ ಕುಪ್ಪಸ. ಇನ್ನೊಂದು ಅರ್ಧಕ್ಕೆ ಕೊಡವ ಶೈಲಿಯ ಸೀರೆ, ಕೊಕ್ಕೆತಾತಿ (ಅರ್ಧಚಂದ್ರದ ಪದಕವಿರುವ ಕೊಡವರ ಕೊರಳ ಸರ). ಎ5 ಹಾಳೆಯಲ್ಲಿ ಎರಡು ಸಲ ಪ್ರಯತ್ನ ಮಾಡಿದೆ, ಎರಡೂ ಕೆಟ್ಟವು. ತೊಂದರೆಗಳು ಇವು:

ಎರಡು ಬೇರೆ ಜನರ ಫೋಟೋ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಚರ್ಮ ಕಿತ್ತಳೆಯಾಗುತ್ತದೆ, ನೆರಳಿಗೆ ಕಪ್ಪು ಹಾಕಿದರೆ ಬೂದಿ ಬಳಿದಂತಾಗುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿ ವಿನ್ಯಾಸ ಹಾಕಿದರೆ ಗುಲಾಬಿಯಾಗಿಬಿಡುತ್ತದೆ. ಚಿನ್ನ ಸಾಸಿವೆ ಬಣ್ಣಕ್ಕೆ ಇಳಿಯುತ್ತದೆ. ಆಧಾರಕ್ಕೆ ಇರುವುದು ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಫೋನಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದ ಫೋಟೋ.

ಎಲ್ಲಿಂದ ಸರಿಪಡಿಸಲಿ?

ಹಾಸುಹೊಕ್ಕು

ಫೋಟೋದಿಂದ. ಮಿಕ್ಕಿದ್ದೆಲ್ಲ ಆಮೇಲೆ.

ಮುಂದಿನ ಕ್ಯಾಮೆರಾವನ್ನು ಕೈಯಳತೆಯಲ್ಲಿ ಹಿಡಿದರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿಯುತ್ತವೆ. ಎಷ್ಟು ಅಳೆದು ಬರೆದರೂ ಹೋಲಿಕೆ ಸಿಗುವುದಿಲ್ಲ. ಹಿಂದಿನ ಕ್ಯಾಮೆರಾ ಬಳಸಿ, ಫೋನನ್ನು ಒಂದೂವರೆ ಎರಡು ಮೀಟರ್ ದೂರದಲ್ಲಿ, ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ, 2 ಪಟ್ಟು ಜೂಮ್ ಹಾಕಿ ಟೈಮರ್‌ನಲ್ಲಿ ತೆಗೆಯಿರಿ. ಬೆಳಕು ಒಂದೇ ಕಿಟಕಿಯದು, ಹಗಲಿನದು. ಟ್ಯೂಬ್‌ಲೈಟ್ ಆರಿಸಿರಿ. ಅದರ ಹಸಿರು ಛಾಯೆ ನೆರಳಿನೊಳಗೆ ಸೇರಿಕೊಂಡರೆ ಚರ್ಮದ ನಿಜವಾದ ಬಣ್ಣ ಯಾವುದೆಂದೇ ತಿಳಿಯುವುದಿಲ್ಲ.

ನಿಮ್ಮ ವಿಷಯಕ್ಕೇ ಸೇರಿದ ಇನ್ನೊಂದು ಅಪಾಯವಿದೆ. ಕನ್ನಡಿ ನೋಡಿ ಬರೆದರೆ ಎಡಬಲ ಅದಲುಬದಲಾಗುತ್ತದೆ. ಕೆಲವು ಫೋನ್‌ಗಳು ಸೆಲ್ಫಿಯನ್ನೂ ಹಾಗೆಯೇ ಉಳಿಸುತ್ತವೆ. ಸಾಮಾನ್ಯವಾಗಿ ನಾವು ಉಡುವ ಸೀರೆಯ ಸೆರಗು ಎಡ ಭುಜದ ಮೇಲೆ. ಕೊಡವ ಉಡುಗೆಯಲ್ಲಿ ನೆರಿಗೆ ಹಿಂದಕ್ಕೆ, ಸೆರಗು ಎಡ ಕಂಕುಳ ಕೆಳಗಿಂದ ಎದೆಯ ಮೇಲೆ ಹಾದು ಬಲ ಭುಜದ ಮೇಲೆ ಪಿನ್ ಆಗುತ್ತದೆ. ಚಿತ್ರ ತಿರುಗಿದರೆ ಕೊಡವ ಸೆರಗು ಎಡಕ್ಕೆ ಬಂದು ಕೂರುತ್ತದೆ. ನೋಡುವ ಕೊಡವರಿಗೆ ಮೊದಲು ಕಣ್ಣಿಗೆ ಬೀಳುವುದು ಅದೇ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಪತ್ರಿಕೆ ಹಿಡಿದುಕೊಳ್ಳಿ. ಅಕ್ಷರ ನೇರವಾಗಿ ಓದಲು ಬಂದರೆ ಚಿತ್ರ ತಿರುಗಿಲ್ಲ.

ಇನ್ನು ಆ ನಡುಗೆರೆ. ಅದನ್ನು ಬಿಡಿ ಎಂದೇ ಹೇಳುತ್ತೇನೆ. ಮೂಗಿನ ಬೆನ್ನು, ತುಟಿಯ ಹೊಳಪು, ಗದ್ದದ ಉಬ್ಬು ಎಲ್ಲವೂ ಮುಖದ ಮಧ್ಯದಲ್ಲೇ ಇವೆ. ಮುಖವನ್ನು ಒಂದಾಗಿ ಹಿಡಿದಿರುವುದೇ ಅವು. ಅಲ್ಲೇ ಗೆರೆ ಎಳೆದು ಎರಡು ಕಡೆಗೆ ಎರಡು ಬಣ್ಣದ ಗುಂಪು ಹಾಕಿದರೆ ಬೆಳಕಿನ ಮೂಲವೂ ಎರಡಾಗುತ್ತದೆ. ‘ಅಂಟಿಸಿದಂತೆ’ ಎಂದಿರಲ್ಲ, ಅದಕ್ಕೆ ಕಾರಣ ಇದು. ಹಂಗೇರಿಯ ತಾಯಿ, ಪಂಜಾಬಿನ ಸಿಖ್ ತಂದೆಯ ಮಗಳಾದ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1934ರಲ್ಲಿ ತನ್ನನ್ನು ತಹೀತಿಯ ಹೆಣ್ಣಾಗಿ ಚಿತ್ರಿಸಿಕೊಂಡಾಗಲೂ ಮುಖವನ್ನು ಒಡೆಯಲಿಲ್ಲ. ನಿಂತ ಭಂಗಿ, ಹಿಂದೆ ಬಿದ್ದ ಗಂಡಸಿನ ನೆರಳು, ಇವೇ ಹೇಳಬೇಕಾದ್ದನ್ನು ಹೇಳುತ್ತವೆ.

ನನ್ನ ಸಲಹೆ: ಇಳಕಲ್ ಸೀರೆಯನ್ನೇ ಕೊಡವ ರೀತಿಯಲ್ಲಿ ಉಟ್ಟು ಫೋಟೋ ತೆಗೆಯಿರಿ. ಬಟ್ಟೆ ತಂದೆಯ ಊರಿನದು, ಉಡುವ ಬಗೆ ತಾಯಿಯದು. ಕುಪ್ಪಸ ಗುಳೇದಗುಡ್ಡದ ಖಣ, ಕೊರಳಿಗೆ ಕೊಕ್ಕೆತಾತಿ. ಬಲ ಭುಜ ನೋಡುವವರ ಕಡೆಗೆ ಬರುವಂತೆ ಮುಕ್ಕಾಲು ಮುಖ ಮಾಡಿ ಕೂತುಕೊಳ್ಳಿ. ಕಿಟಕಿ ಬಲಕ್ಕೆ, 45 ಡಿಗ್ರಿಯಲ್ಲಿ ಇರಲಿ.

ಎ3 ಹಾಳೆಯಲ್ಲಿ ತಲೆಯ ಎತ್ತರ 16 ಸೆಂ.ಮೀ. ಇಟ್ಟರೆ ಎದೆಯವರೆಗೆ ಸಲೀಸಾಗಿ ಹಿಡಿಯುತ್ತದೆ. ಹಿಂದಿನ ನೆರಿಗೆ ಕಾಣುವುದಿಲ್ಲ. ಕಾಣಲೇಬೇಕೆಂದರೆ ಬೆನ್ನು ತಿರುಗಿಸಿ ಭುಜದ ಮೇಲಿಂದ ನೋಡುವ ಭಂಗಿ ಬೇಕು, ತಲೆ 11 ಸೆಂ.ಮೀ.ಗೆ ಇಳಿಯುತ್ತದೆ, ಆಗ ಖಣದ ಹೂವು ಪೆನ್ಸಿಲ್ ಮೊನೆಗೆ ಸಿಗದಷ್ಟು ಸಣ್ಣದಾಗುತ್ತದೆ. ಎರಡೂ ಸಿಗುವುದಿಲ್ಲ. ನಾನಾದರೆ ಎದೆಯವರೆಗಿನ ಚಿತ್ರವನ್ನೇ ಆರಿಸುತ್ತೇನೆ.

ಮೊನೆ_ಚೂಪು

ಚರ್ಮದ ವಿಷಯ ನಾನು ಹೇಳುತ್ತೇನೆ. ಸಂಖ್ಯೆಗಳೆಲ್ಲ ಪಾಲಿಕ್ರೋಮೋಸ್‌ನವು. ನಿಮ್ಮ ಪೆಟ್ಟಿಗೆಯಲ್ಲಿ ಇಲ್ಲದವನ್ನು ಬಿಡಿಯಾಗಿ ಕೊಳ್ಳಬಹುದು.

ನಿಮ್ಮ ಚರ್ಮ ಕಿತ್ತಳೆಯಾಗುವುದು ಬೆಚ್ಚನೆಯ ಕಂದುಗಳನ್ನೇ ಒಂದರ ಮೇಲೊಂದು ಹಾಕುವುದರಿಂದ. ಸಿನಮನ್, ಸ್ಯಾಂಗ್ವಿನ್, ಬರ್ನ್ಟ್ ಓಕರ್ ಮೂರೂ ಒಂದೇ ದಿಕ್ಕಿನ ಬಣ್ಣಗಳು, ತಡೆಯುವ ತಣ್ಣನೆಯ (ನೀಲಿ, ಹಸಿರಿನ ಕಡೆಯ) ಬಣ್ಣ ಒಂದೂ ಇಲ್ಲ. ಕಪ್ಪು (199) ತಣ್ಣಗೇನೋ ಇದೆ, ಆದರೆ ಅದು ಕೆಳಗಿನ ಬಣ್ಣವನ್ನೇ ಕೊಂದುಬಿಡುತ್ತದೆ. ಬೂದಿ ಬರುವುದು ಅಲ್ಲಿಂದ.

ಕ್ರಮ ಹೀಗಿರಲಿ. ಮೊದಲು ನೆರಳಿನ ಜಾಗಗಳಿಗೆ ಮಾತ್ರ ಕಪುಟ್ ಮಾರ್ಟಮ್ ವಯೊಲೆಟ್ (263), ತೆಳ್ಳಗೆ: ಕಣ್ಣಿನ ಗುಳಿ, ಮೂಗಿನ ಪಕ್ಕ, ಕೆಳತುಟಿಯ ಕೆಳಗೆ, ದವಡೆಯ ಅಡಿ. ಈ ಹಂತದಲ್ಲೇ ಮುಖ ಯಾರದೆಂದು ಗುರುತು ಸಿಗಬೇಕು. ಸಿಗದಿದ್ದರೆ ಮುಂದೆ ಹೋಗಬೇಡಿ, ಬಣ್ಣ ಹಾಕಿದ ಮೇಲೆ ಹೋಲಿಕೆ ತಾನಾಗಿ ಬರುವುದಿಲ್ಲ. ಆಮೇಲೆ ಹೊಳಪಿನ ಜಾಗಗಳನ್ನು ಬಿಟ್ಟು ಇಡೀ ಚರ್ಮದ ಮೇಲೆ ಲೈಟ್ ಯೆಲ್ಲೋ ಓಕರ್ (183). ಅದರ ಮೇಲೆ ಬರ್ನ್ಟ್ ಓಕರ್ (187), ಕೆನ್ನೆ, ಮೂಗಿನ ತುದಿ, ಕಿವಿಗೆ ಬರ್ನ್ಟ್ ಸಿಯೆನ್ನಾ (283). ಕಿತ್ತಳೆ ತಲೆ ಎತ್ತಿದ ಕೂಡಲೇ ಬಾಯಿಯ ಸುತ್ತ ಮತ್ತು ದವಡೆಗೆ ಅರ್ತ್ ಗ್ರೀನ್ (172) ಒಂದೇ ಒಂದು ತೆಳು ಪದರ. ಹಸಿರು ಕಾಣಬಾರದು, ಕಿತ್ತಳೆ ಅಡಗಬೇಕು, ಅಷ್ಟೆ. ಗಾಢಕ್ಕೆ ವಾಲ್ನಟ್ ಬ್ರೌನ್ (177), ಅತಿ ಗಾಢಕ್ಕೆ ಅದರ ಮೇಲೆ ಡಾರ್ಕ್ ಇಂಡಿಗೋ (157). ಕೂದಲಿಗೂ ಇವೆರಡೇ ಸಾಕು.

ಹಣೆಯ ಹೊಳಪಿಗೆ ಬಿಳಿ ಬೇಡ. ಕಿಟಕಿಯ ಬೆಳಕು ಆಕಾಶದ್ದು, ಕಂದು ಚರ್ಮದ ಮೇಲೆ ಅದು ತುಸು ನೀಲಿಯಾಗಿ ಬೀಳುತ್ತದೆ. ಅಲ್ಲಿ ಕೋಲ್ಡ್ ಗ್ರೇ I (230) ಸವರಿ. ಬರಿಯ ಕಾಗದ ಉಳಿಯಬೇಕಾದ್ದು ಮೂಗಿನ ತುದಿಯ ಹೊಳಪು, ಕೆಳತುಟಿಯ ತೇವ, ಕಣ್ಣಿನ ಚುಕ್ಕೆ, ಇಷ್ಟರಲ್ಲಿ ಮಾತ್ರ.

ಎಂಟು ಹತ್ತು ಪದರ ಬೇಕಾಗುತ್ತದೆ. ಪೆನ್ಸಿಲನ್ನು ಹಿಂದಿನ ತುದಿಯ ಹತ್ತಿರ ಹಿಡಿಯಿರಿ, ಅದರ ತೂಕವೇ ಒತ್ತಡ. ಎರಡು ಮೂರು ನಿಮಿಷಕ್ಕೊಮ್ಮೆ ಮೊನೆ ಮಾಡಿ. ಮೊಂಡು ಮೊನೆ ಕಾಗದದ ಉಬ್ಬುಗಳ ಮೇಲೆ ಮಾತ್ರ ಕೂರುತ್ತದೆ, ತಗ್ಗುಗಳು ಬಿಳಿ ಚುಕ್ಕೆಗಳಾಗಿ ಉಳಿದು ಚರ್ಮ ಮರಳಿನಂತೆ ಕಾಣುತ್ತದೆ. ಮೊದಲ ಪದರವನ್ನೇ ಒತ್ತಿ ಹಾಕಿದರೆ ಕಾಗದದ ಹಲ್ಲು (ಬಣ್ಣ ಹಿಡಿಯುವ ಒರಟು) ಮುಚ್ಚಿಹೋಗುತ್ತದೆ. ನಾಲ್ಕನೇ ಪದರದ ಹೊತ್ತಿಗೆ ಪೆನ್ಸಿಲ್ ಜಾರತೊಡಗುತ್ತದೆ.

ಮೂಲ ರೇಖಾಚಿತ್ರಕ್ಕೆ ಸೀಸದ ಪೆನ್ಸಿಲ್ ಬಳಸಿದರೆ ಅದು ಓಕರ್ ಜೊತೆ ಕಲೆತು ಹಸಿರುಬೂದು ಆಗುತ್ತದೆ. ನೂಗಾ (178) ಪೆನ್ಸಿಲ್‌ನಿಂದಲೇ ಗೆರೆ ಹಾಕಿ. ದಿನಕ್ಕೊಮ್ಮೆ ಚಿತ್ರದ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ಮೂಲದ ಪಕ್ಕದಲ್ಲಿಟ್ಟು ನೋಡಿ. ಹೊಸಬರ ಚಿತ್ರದಲ್ಲಿ ನೆರಳು ಯಾವಾಗಲೂ ಸಾಕಷ್ಟು ಗಾಢವಿರುವುದಿಲ್ಲ.

ಗೆರೆ_ನೆರಳು

ಉಡುವ ಬಗೆಯ ಸಲಹೆ ಹೊಳೆದೇ ಇರಲಿಲ್ಲ. ಹಾಗೇ ಮಾಡುತ್ತೇನೆ. ಆದರೆ ಎರಡು ಕಡೆಗಳು ಸೇರುವ ಜಾಗ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಕಣ್ಣಿಗೆ ಕಾಣಲೇಬೇಕು ಎಂಬ ಆಸೆ. ಗೆರೆ ಪೂರ್ತಿ ಹೋದರೆ ಸುಮ್ಮನೆ ಸೀರೆ ಉಟ್ಟವಳ ಚಿತ್ರವಾಗುವುದಿಲ್ಲವೇ? ಮತ್ತು ಆ ಬಿಳಿ ವಿನ್ಯಾಸ, ಚಿನ್ನ?

ಕೊಂಡಿ_ನೂಲು

ನಿಮಗೆ ಬೇಕಾದ ಗೆರೆ ಸೀರೆಯಲ್ಲೇ ಇದೆ.

ಇಳಕಲ್ ಸೀರೆಯ ಒಡಲಿನ ಹಾಸು (ಉದ್ದುದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಯೊಳಗೆ ಕುಣಿಕೆ ಹಾಕಿ ಸೇರಿಸುತ್ತಾರೆ, ಅದೇ ಕೊಂಡಿ. ಹೊಲಿಗೆಯಿಲ್ಲ, ಗಂಟಿಲ್ಲ. ಒಡಲ ಬಣ್ಣ ಮುಗಿದು ಕೆಂಪು ಶುರುವಾಗುವ ಗೆರೆ ಅದು. ಪಿನ್ ಹಾಕುವ ಮುಂಚೆ ಸೆರಗಿನ ಉದ್ದ ಹೊಂದಿಸಿಕೊಂಡು ಆ ಗೆರೆ ಎದೆಯ ಮೇಲೆ ಓರೆಯಾಗಿ ಹಾಯುವಂತೆ ಮಾಡಿ. ಅಲ್ಲಿಂದ ಬಲ ಭುಜದವರೆಗೆ ಕೆಂಪು, ಇತ್ತ ನೀಲಿ ಒಡಲು. ಗೆರೆಯ ಪಕ್ಕದ ಒಂದು ಸೆಂ.ಮೀ. ಜಾಗದಲ್ಲಿ ಕೆಂಪು ಮತ್ತು ಇಂಡಿಗೋ ಗೀಟುಗಳನ್ನು ಬಾಚಣಿಗೆಯ ಹಲ್ಲಿನಂತೆ ಒಂದರೊಳಗೊಂದು ನುಗ್ಗಿಸಿ. ನಿಜವಾದ ಕೊಂಡಿ ಅದಕ್ಕಿಂತ ಬಹಳ ಸಣ್ಣದು, ಆದರೂ ಇಲ್ಲಿ ಇಷ್ಟು ಹಿಗ್ಗಿಸುವುದು ಸರಿ ಎಂದೇ ನನಗನಿಸುತ್ತದೆ. ಚಿತ್ರದ ವಿಷಯವೇ ಅದಲ್ಲವೇ.

ಬಿಳಿಗೆ ಬರೋಣ. ಪೆನ್ಸಿಲ್ ಬಣ್ಣ ಅರೆಪಾರದರ್ಶಕ. ಕೆಂಪಿನ ಮೇಲೆ ಬಿಳಿ ಎಳೆದರೆ ಕೆಳಗಿನ ಕೆಂಪೂ ಎದ್ದು ಬಂದು ಗುಲಾಬಿಯಾಗುತ್ತದೆ. ಆದ್ದರಿಂದ ಬಿಳಿಯನ್ನು ಮೇಲೆ ಹಾಕಬಾರದು, ಮೊದಲೇ ಕಾದಿಡಬೇಕು. ತೋಪುತೆನೆ ಎಂಬ ಇಳಕಲ್‌ನ ಸಾಂಪ್ರದಾಯಿಕ ಸೆರಗಿನಲ್ಲಿ ಮೂರು ಕೆಂಪು ಭಾಗ, ನಡುವೆ ಎರಡು ಬಿಳಿ ಪಟ್ಟೆ ಇರುವುದು ವಾಡಿಕೆ. ಆ ಪಟ್ಟೆಗಳಷ್ಟು ಅಗಲದ ಜಾಗವನ್ನು ಬರಿಯ ಕಾಗದವಾಗಿ ಬಿಟ್ಟು ಸುತ್ತ ಕೆಂಪು ತುಂಬಿ, ಬಿಳಿಗೆ ನೆರಳು ಬೀಳುವಲ್ಲಿ ಮಾತ್ರ ತಣ್ಣನೆಯ ಬೂದು.

ಸಣ್ಣ ಗೀಟು, ಕಸೂತಿಯ ಎಳೆ, ಇವಕ್ಕೆ ಕೊರೆಗೆರೆ, ಅಂದರೆ ಬಣ್ಣಕ್ಕೆ ಮುಂಚೆ ಕಾಗದದಲ್ಲಿ ಒತ್ತಿದ ತಗ್ಗು ಗೆರೆ. ಮಸಿ ಮುಗಿದ ಬಾಲ್‌ಪೆನ್ ಸಾಕು. ಟ್ರೇಸಿಂಗ್ ಹಾಳೆಯ ಮೇಲೆ ವಿನ್ಯಾಸ ಬರೆದು, ಚಿತ್ರದ ಮೇಲಿಟ್ಟು ಹದವಾಗಿ ಒತ್ತಿ ಎಳೆಯಿರಿ. ಆಮೇಲೆ ಪೆನ್ಸಿಲನ್ನು ಓರೆಯಾಗಿ ಹಿಡಿದು ಬಣ್ಣ ಹಾಕಿದರೆ ಕೊರೆದ ಗೆರೆ ಬಿಳಿಯಾಗಿ ಉಳಿಯುತ್ತದೆ. ಬಿಳಿಯ ಬದಲು ಹಳದಿ ದಾರ ಬೇಕೆಂದರೆ ಕೊರೆಯುವ ಮುಂಚೆ ಅಲ್ಲಿ ಹಳದಿ ಹಾಕಿಡಿ. ಚೂಪು ಮೊನೆಯಿಂದ ಬಣ್ಣ ತುಂಬಿದರೆ ಅದು ಕೊರೆತದೊಳಗೆ ಇಳಿದು ಗೆರೆ ಮುಚ್ಚುತ್ತದೆ. ಒತ್ತಿ ಮೆರುಗು ಕೊಟ್ಟರೂ ಅದೇ ಕಥೆ. ಕೊರೆದದ್ದನ್ನು ಅಳಿಸಲು ಬರುವುದಿಲ್ಲ, ಅದೇ ಕಾಗದದ ತುಂಡಿನ ಮೇಲೆ ಮೊದಲು ಕೈ ಪಳಗಿಸಿ.

ಕಸೂತಿ ಸೇರಿಸುವುದಾದರೆ ಗವಂತಿ, ಮುರಗಿ, ನೇಗಿ, ಮೆಂತ್ಯ ನಾಲ್ಕು ಹೊಲಿಗೆಗಳನ್ನೂ ತುರುಕಬೇಡಿ. ಗವಂತಿ ಒಂದೇ ಸಾಕು. ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ರೀತಿ ಕಾಣುವ ಹೊಲಿಗೆ ಅದು. ನಿಮ್ಮ ಚಿತ್ರಕ್ಕೆ ಅದಕ್ಕಿಂತ ಹೊಂದುವ ಹೊಲಿಗೆ ಇಲ್ಲ. ಅದರ ಗೆರೆ ನೇರ, ಅಡ್ಡ, ಓರೆ ಮಾತ್ರ. ಬಾಗಿದ ಗೆರೆ ಬಂತೋ, ಧಾರವಾಡದವರು ಅದನ್ನು ಕಸೂತಿ ಎಂದು ಒಪ್ಪುವುದಿಲ್ಲ.

ಕೆಂಪಿಗೆ ಪೊಂಪೇಯನ್ ರೆಡ್ (191), ಮೇಲೆ ಡಾರ್ಕ್ ರೆಡ್ (225), ಮಡಿಕೆಯ ನೆರಳಿಗೆ ಚರ್ಮಕ್ಕೆ ಬಳಸಿದ ಅದೇ 263. ನೆರಳಿನ ಬಣ್ಣ ಒಂದೇ ಆದಾಗ ಬಟ್ಟೆಯೂ ಮುಖವೂ ಒಂದೇ ಕೋಣೆಯಲ್ಲಿ ಇರುವಂತೆ ಕಾಣುತ್ತವೆ. ರೇಷ್ಮೆಯ ಹೊಳಪಿಗೆ ಅಂಚು ಚೂಪಾಗಿರಲಿ, ಹತ್ತಿಯ ಒಡಲಿಗೆ ಮೆತ್ತಗಿರಲಿ. ಇಷ್ಟು ವ್ಯತ್ಯಾಸ ಇದ್ದರೆ ಎರಡು ನೂಲೆಂದು ಕಣ್ಣಿಗೆ ತಿಳಿಯುತ್ತದೆ.

ಮೊನೆ_ಚೂಪು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಬೆಳಕು ಬಿದ್ದ ಕೆಂಪು ಸೆರಗು ತನ್ನ ಬಣ್ಣವನ್ನು ದವಡೆಯ ಅಡಿಗೂ ಕತ್ತಿನ ಪಕ್ಕಕ್ಕೂ ಚೆಲ್ಲುತ್ತದೆ. ಫೋಟೋದಲ್ಲಿ ಹುಡುಕಿ, ಇದ್ದೇ ಇರುತ್ತದೆ. ಅಲ್ಲಿ 191ರ ಒಂದು ತೆಳು ಪದರ ಹಾಕಿ. ಬಟ್ಟೆಯ ಬಣ್ಣ ಚರ್ಮಕ್ಕೆ ಹತ್ತಿದಾಗ ಉಡುಗೆ ವೇಷದಂತೆ ಕಾಣುವುದಿಲ್ಲ.

ಚಿನ್ನಕ್ಕೂ ಇದೇ ನಿಯಮ. ಚಿನ್ನದ ಬಣ್ಣದ ಮಿನುಗು ಪೆನ್ಸಿಲ್ ಮುಟ್ಟಬೇಡಿ, ಫೋಟೋದಲ್ಲೂ ಓರೆ ಬೆಳಕಿನಲ್ಲೂ ಅದು ಬೂದಾಗುತ್ತದೆ. ಸಾಸಿವೆಯಾಗಲು ಕಾರಣ ಎಲ್ಲೆಡೆ ಒಂದೇ ಹಳದಿ. ಚಿನ್ನ ಎಂದರೆ ಅತಿ ಗಾಢವೂ ಅತಿ ತಿಳಿಯೂ ಒತ್ತೊತ್ತಾಗಿ ಬರುವುದು. ಕೊಕ್ಕೆತಾತಿಯ ಅರ್ಧಚಂದ್ರದ ಒಳ ಅಂಚಿಗೆ 177, ಪಕ್ಕದಲ್ಲೇ ಬ್ರೌನ್ ಓಕರ್ (182), ಮುಂದೆ ಡಾರ್ಕ್ ಕ್ಯಾಡ್ಮಿಯಂ ಯೆಲ್ಲೋ (108) ಸಣ್ಣದಾಗಿ, ಕ್ರೀಮ್ (102), ಕೊನೆಗೆ ಕೂದಲೆಳೆಯಷ್ಟು ಬರಿಯ ಕಾಗದ. ಸೆರಗಿನ ಕಡೆಯ ಅಂಚಿಗೆ ಕೆಂಪು ಪ್ರತಿಫಲನ ಇರಲಿ. ಮೇಲಿನ ನಾಗರ ಹೆಡೆಯನ್ನು ಬಿಡಿಬಿಡಿಯಾಗಿ ಬರೆಯಬೇಡಿ. ಸುತ್ತ ಇರುವ ಸಣ್ಣ ಮುತ್ತುಗಳಿಗೆ ಪ್ರತಿಯೊಂದಕ್ಕೂ ಹೊಳಪು ಒಂದೇ ದಿಕ್ಕಿನಲ್ಲಿ, ಕಿಟಕಿಯ ಕಡೆಗೆ.

ಮಳೆನಾಡು_ಕಾಗದ

ಚಿತ್ರ ಮಡಿಕೇರಿ ಕಡೆಯ ಮನೆಯಲ್ಲಿ ತೂಗುವುದಾದರೆ ಇದನ್ನೂ ನೋಡಿ. ಮಳೆಗಾಲದಲ್ಲಿ ತೇವ ಹೀರಿದ ಕಾಗದ ಮೆತ್ತಗಾಗುತ್ತದೆ, ಚೂಪು ಮೊನೆ ಅದನ್ನು ಗೀರುತ್ತದೆ. ಕೆಲಸ ಇಲ್ಲದಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಮುಚ್ಚಿಡಿ. ಕೈಯ ಕೆಳಗೆ ಸದಾ ಒಂದು ಬಿಳಿ ಹಾಳೆ.

ಪ್ರಿಸ್ಮಾಕಲರ್ ಮೇಣದ ಪೆನ್ಸಿಲ್. ದಟ್ಟವಾಗಿ ಹಾಕಿದ ಕಡೆ ಕೆಲವು ದಿನಕ್ಕೆ ಮೇಣ ಮೇಲೆದ್ದು ಬಿಳಿ ಮಂಜಿನಂತೆ ಕೂರುತ್ತದೆ, ಇಂಡಿಗೋ ಒಡಲಿನ ಮೇಲೆ ಎದ್ದು ಕಾಣುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ಫಿಕ್ಸೇಟಿವ್ (ಬಣ್ಣ ಕದಲದಂತೆ ಹಿಡಿಯುವ ಸ್ಪ್ರೇ) ಅನ್ನು 30 ಸೆಂ.ಮೀ. ದೂರದಿಂದ ಎರಡು ಮೂರು ತೆಳು ಸಲ ಸಿಂಪಡಿಸಿ. ಮಳೆ ಸುರಿಯುವ ದಿನ ಬೇಡ, ತೇವದ ಗಾಳಿಯಲ್ಲಿ ಸಿಂಪಡಿಸಿದರೆ ಪದರ ಬೆಳ್ಳಗಾಗುತ್ತದೆ.

ಪಾಲಿಕ್ರೋಮೋಸ್ ಪೆನ್ಸಿಲ್ ಮೈಮೇಲಿನ ನಕ್ಷತ್ರ ಗುರುತು ನೋಡಿ, ಮೂರು ನಕ್ಷತ್ರದವೇ ಬೆಳಕಿಗೆ ಹೆಚ್ಚು ಬಾಳುತ್ತವೆ. ಕೆಂಪು, ಗುಲಾಬಿ, ನೇರಳೆ ಕೊಳ್ಳುವಾಗ ತಪ್ಪದೇ ನೋಡಬೇಕು. ಫ್ರೇಮಿನಲ್ಲಿ ಗಾಜು ಚಿತ್ರಕ್ಕೆ ತಾಗದಂತೆ ಮೌಂಟ್ ಬೋರ್ಡ್ ಅಂತರ ಕೊಡಿಸಿ. ತಾಗಿದರೆ ಬಣ್ಣ ಗಾಜಿಗೆ ಅಂಟುತ್ತದೆ, ಬೂಷ್ಟು ಹಿಡಿಯುವುದೂ ಅಲ್ಲಿಂದಲೇ.