ಸಹಾಯ ಬೇಕು: ಮೂರು ವರ್ಷದಿಂದ ಒಂದೇ ಕಡೆ ನಿಂತ ಹಾಗಿದೆ

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು, ವಯಸ್ಸು 32. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎಡ್. ಮಾಡಿದೆ. ಸರಕಾರಿ ಶಾಲೆಗಳ ಕನ್ನಡ ಟೀಚರ್ ನೇಮಕಾತಿಯ ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿತ್ತು. ಮೂರು ವರ್ಷ ಕಾದೆ. ನನ್ನ ಸರದಿ ಬರುವ ಮೊದಲೇ ಪಟ್ಟಿಯ ಅವಧಿ ಮುಗಿಯಿತು.

ಈಗ ಬೆಳಗ್ಗೆ ಎದ್ದರೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಅಪ್ಪ ಅಡಿಕೆಗೆ ಮದ್ದು ಬಿಡಿಸುವ ಓಡಾಟದಲ್ಲಿದ್ದಾರೆ. ನಾನು ಸುಣ್ಣ, ಮೈಲುತುತ್ತು ಕಲಸಿ ಕೊಡುತ್ತೇನೆ. ಆ ಎರಡು ಗಂಟೆ ಮಾತ್ರ ಮನಸ್ಸು ಹಗುರ. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. "ಕೆಲಸ ಆಯ್ತಾ?" ಅಂತ ಕೇಳ್ತಾರೆ ಅಲ್ವಾ.

ಕಳೆದ ವಾರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಅತ್ತುಬಿಟ್ಟೆ. (ಉಚಿತ, ಹಗಲು ರಾತ್ರಿ ಸಿಗುತ್ತಾರೆ. ಬೇಕಾದವರು ಬರೆದಿಟ್ಟುಕೊಳ್ಳಿ.) ದಿನಕ್ಕೊಂದು ಸಣ್ಣ ಕೆಲಸ ಹಿಡಿಯಿರಿ ಎಂದರು. ಅದಕ್ಕೇ ಈ ಪೋಸ್ಟ್.

ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. 30 ದಾಟಿದ ಮೇಲೆ ಲಿಪಿ ಕಲಿತವರು ಇದ್ದೀರಾ? ಎಲ್ಲಿಂದ ಶುರು ಮಾಡಿದಿರಿ? ಕುಂಬಳೆಯಿಂದ ದಿನವೂ ರೈಲಿನಲ್ಲಿ ಮಂಗಳೂರಿಗೆ ಹೋಗಿ ಖಾಸಗಿ ಶಾಲೆಯಲ್ಲಿ ಕಲಿಸುವವರು ಯಾರಾದರೂ ಇದ್ದರೆ, ಸಂಬಳದಲ್ಲಿ ಏನಾದರೂ ಉಳಿಯುತ್ತದಾ? ದಯವಿಟ್ಟು ನಿಮ್ಮ ಅನುಭವ ಹೇಳಿ.