ಚಿಮಣಿ ಅಂದರೆ ದೀಪವೋ, ಗಾಜೋ?

ಗೆಳೆಯರೇ,

ಅಟ್ಟದಲ್ಲಿದ್ದ ಹಳೇ ಲಾಟೀನು ಇಳಿಸಿ ಒರೆಸುತ್ತಿದ್ದಾಗ ಹುಟ್ಟಿದ ಪ್ರಶ್ನೆ ಇದು. ಶಿರಸಿ ಕಡೆಯ ನಮ್ಮ ಮನೆಯಲ್ಲಿ ಸೀಮೆಎಣ್ಣೆಗೆ ‘ಚಿಮಣಿ ಎಣ್ಣೆ’ ಅನ್ನುತ್ತಾರೆ. ತಗಡಿನ ಡಬ್ಬಿಗೆ ಬತ್ತಿ ಹಾಕಿದ ಸಣ್ಣ ದೀಪವೇ ‘ಚಿಮಣಿ’. ಬೇರೆ ಕಡೆ ಅದು ಬುಡ್ಡಿದೀಪ. ಆದರೆ ಇಂಗ್ಲಿಷಿನಲ್ಲಿ ದೀಪದ ಚಿಮಣಿ ಅಂದರೆ ಉರಿಯ ಸುತ್ತ ನಿಲ್ಲಿಸುವ ಗಾಜು. ಗಾಜೇ ಇಲ್ಲದ ದೀಪಕ್ಕೆ ಆ ಹೆಸರು ಹೇಗೆ ಬಂತು?

ಲಾಟೀನಿನ ಗಾಜಿಗೆ ನಮ್ಮಲ್ಲಿ ಸುಮ್ನೆ ‘ಗಾಜು’ ಅಂತಲೇ ಹೇಳುವುದು. ಮೈಸೂರು ಕಡೆಯ ನಮ್ಮ ಅತ್ತೆ ‘ಬುರುಡೆ’ ಅನ್ನುತ್ತಾರೆ. ನನಗೆ ಆ ಪದ ತುಂಬಾ ಹಿಡಿಸಿತು.

ಮಳೆಗಾಲದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಪಾಡಬೇಕಾದದ್ದು ಈ ಬುರುಡೆಯನ್ನೇ. ಪುನರ್ವಸು ಮಳೆ ಹೊಯ್ಯುವಾಗ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆ ನೀರು ನೋಡಲು ಹೊರಡುತ್ತಿದ್ದರು. ಲಾಟೀನನ್ನು ಕೊಪ್ಪೆಯ ಅಂಚಿನ ಮರೆಯಲ್ಲಿ, ಕಂಬಳಿಗೆ ತಾಗದ ಹಾಗೆ ಹಿಡಿಯುತ್ತಿದ್ದರು. ಕಾದ ಗಾಜಿಗೆ ತಣ್ಣನೆ ಹನಿ ಸಿಡಿದರೆ ಚಟ್ ಅಂತ ಬಿರುಕು ಬಿಡುತ್ತದೆ. ಎಣ್ಣೆಗೆ ನೀರು ಸೇರಿದರೂ ಕೆಟ್ಟಿತು. ಎಣ್ಣೆಗಿಂತ ನೀರು ಭಾರ, ತಳಕ್ಕೆ ಹೋಗಿ ಕೂರುತ್ತದೆ. ಬತ್ತಿಯ ಬುಡ ಇರುವುದೂ ಅಲ್ಲೇ. ನೀರು ಕುಡಿದ ಬತ್ತಿ ಎಣ್ಣೆ ಎಳೆಯುವುದಿಲ್ಲ, ದೀಪ ಚಟಪಟ ಅಂದು ಸಣ್ಣಗಾಗುತ್ತದೆ. ಅದಕ್ಕೇ ಅಜ್ಜ ಮಳೆಗೆ ಮೊದಲೇ ಎಣ್ಣೆಯನ್ನು ಪೂರ್ತಿ ಬಗ್ಗಿಸಿ ತೆಗೆದು, ಬತ್ತಿಯನ್ನು ಬಿಸಿಲಿಗೆ ಹಾಕುತ್ತಿದ್ದರು.

ಗಾಳಿಗೆ ಆರದಿರುವ ಗುಟ್ಟು ಬೇರೆ. ಅದು ಅಕ್ಕಪಕ್ಕದ ಎರಡು ಕೊಳವೆಗಳಲ್ಲಿದೆ. ಅವು ಬರೀ ಹಿಡಿಕೆಯ ಆಸರೆ ಅಂತ ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ, ಅವು ಮೇಲಿನ ಟೋಪಿಯ ಹತ್ತಿರದಿಂದ ಗಾಳಿ ತಂದು ಬತ್ತಿಯ ಬುಡಕ್ಕೆ ಕೊಡುತ್ತವೆ. ಗಾಳಿ ಒಳಗೆ ಬರುವ ಬಾಯಿ, ಹೊಗೆ ಹೊರಗೆ ಹೋಗುವ ಬಾಯಿ ಎರಡೂ ಮೇಲೇ ಇವೆ. ಬಿರುಗಾಳಿಯ ಒತ್ತಡ ಎರಡರ ಮೇಲೂ ಹೆಚ್ಚು ಕಡಿಮೆ ಒಂದೇ ಸಮ ಬೀಳುತ್ತದೆ. ಹಾಗಾಗಿ ದೀಪದ ಕುಡಿ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. 1860ರ ದಶಕದ ಕೊನೆಯಲ್ಲಿ ಅಮೆರಿಕದ ಜಾನ್ ಅರ್ವಿನ್ ಇಂಥ ಕೊಳವೆ ಲಾಟೀನು ಮಾಡಿದರು. ಇಂಗ್ಲಿಷಿನಲ್ಲಿ ಇದಕ್ಕೆ ‘ಹರಿಕೇನ್’ ಎಂಬ ಹೆಸರೂ ಇದೆ. ಅದನ್ನು ‘ಬಿರುಗಾಳಿ ದೀಪ’ ಅಂತ ಕನ್ನಡ ಮಾಡಿದರೆ ನನ್ನ ಕಿವಿಗೆ ಒಗ್ಗುವುದಿಲ್ಲ. ಲಾಟೀನು, ಲಾಂದ್ರ, ಕಂದೀಲು ಇವೇ ಸಾಕು, ಅಲ್ವಾ? ಕಂದೀಲು ಅರಬ್ಬಿಯಿಂದ ಬಂದ ಪದ. ಅದರ ಬೇರು ಲ್ಯಾಟಿನ್ನಿನಲ್ಲಿದೆ, ಇಂಗ್ಲಿಷಿನ ‘ಕ್ಯಾಂಡಲ್’ ಕೂಡ ಅದೇ ಬೇರಿನದು.

ಚಿಮಣಿ ಬಗ್ಗೆ ನನ್ನ ಊಹೆ ಇಷ್ಟು. ಸೀಮೆಎಣ್ಣೆಯ ಜೊತೆ ಮೊದಲು ಬಂದದ್ದು ಗಾಜಿನ ಮೇಜುದೀಪ ಇರಬೇಕು. ಗಾಜಿನ ಹೆಸರು ಇಡೀ ದೀಪಕ್ಕೆ ಅಂಟಿತು, ಆಮೇಲೆ ಎಣ್ಣೆಗೂ, ಅದೇ ಎಣ್ಣೆ ಸುಡುವ ತಗಡಿನ ದೀಪಕ್ಕೂ ಹೋಯಿತು. ಒಪ್ಪದವರು ದಯವಿಟ್ಟು ತಿದ್ದಿ.

ನಿಮ್ಮ ಊರಲ್ಲಿ ಗಾಜಿಗೇ ‘ಚಿಮಣಿ’ ಅನ್ನುವವರು ಇದ್ದಾರಾ? ಆ ಎರಡು ಕೊಳವೆಗಳಿಗೆ ಏನಾದರೂ ಹೆಸರು ಇತ್ತಾ? ಲಾಟೀನು ರಿಪೇರಿ ಮಾಡುತ್ತಿದ್ದವರ ಬಾಯಲ್ಲಿ ಕೇಳಿದ ಪದವಾದರೆ, ಊರಿನ ಹೆಸರು ಸೇರಿಸಿ ಬರೆಯಿರಿ.