ಮೂರು ಅನ್ಯಾಯ, ಒಂದು ಅಫಿಡವಿಟ್

ಕೆ.ಆರ್. ನಗರದ ನಮ್ಮ ಬೀದಿಯಲ್ಲಿ ದೇಶದ ಸಮಸ್ಯೆಗಳೆಲ್ಲ ಬಗೆಹರಿಯುವುದು ರಾಜಣ್ಣನ ಹಿಟ್ಟಿನ ಗಿರಣಿಯಲ್ಲಿ. ಗಿರಣಿ ಓಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಮೊನ್ನೆ ಕರೆಂಟು ಹೋಗಿ ಎಲ್ಲರ ಮಾತೂ ಎಲ್ಲರಿಗೂ ಕೇಳಿಸಿತು, ಜಗಳ ಶುರುವಾಯಿತು.

ಕಾರಣ, ಪತ್ರಿಕೆಯಲ್ಲಿ ಬಂದಿದ್ದ ವಿದ್ಯುತ್ ದರ ಏರಿಕೆಯ ಪ್ರಕಟಣೆ. ಇಂಥ ಪ್ರಕಟಣೆಗಳ ಅಕ್ಷರ ಎಷ್ಟು ಸಣ್ಣದೆಂದರೆ, ಸಹಕಾರಿ ಬ್ಯಾಂಕಿನಲ್ಲಿ ಮೂರು ದಶಕ ಲೆಡ್ಜರ್ ಬರೆದು ನಿವೃತ್ತರಾದ ಶಾಮಣ್ಣನವರೂ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿಯಬೇಕಾಯಿತು.

"ಈ ಸಲ ಬಿಲ್ಲನ್ನೇ ಕಟ್ಟುವುದಿಲ್ಲ. ಅದೇನು ಮಾಡುತ್ತಾರೋ ನೋಡಿಯೇಬಿಡುತ್ತೇನೆ" ಎಂದ ರಾಜಣ್ಣ.

"ನೋಡುವುದಕ್ಕೆ ಬಹಳ ದಿನ ಬೇಕಾಗಿಲ್ಲ. ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ 15 ದಿನಗಳ ನೋಟಿಸ್ ಕೊಡುತ್ತಾರೆ, ಆಮೇಲೆ ಫ್ಯೂಸ್ ಕೀಳುತ್ತಾರೆ. ರಾಗಿಯನ್ನು ನೀನು ಬೀಸುಕಲ್ಲಿನಲ್ಲಿ ಬೀಸಬೇಕಾಗುತ್ತದೆ" ಎಂದರು ಶಾಮಣ್ಣ.

ಲಲಿತಮ್ಮ ಟೀಚರ್ ಅವರದು ಶಾಂತಿಯುತ ಯೋಜನೆ: ಊರಿನವರೆಲ್ಲ ಸಂಜೆ ಒಂದು ಗಂಟೆ ದೀಪ ಆರಿಸಿ, ಮೇಣದಬತ್ತಿ ಹಿಡಿದು ನಿಲ್ಲುವುದು. ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ಸಂಜೆ ಬೇಡಿಕೆ ಏರುವ ಹೊತ್ತಿನಲ್ಲೇ ನಮಗೆ ವಿದ್ಯುತ್ ಸರಬರಾಜು ಮಾಡುವ ಕಂಪನಿಗಳು ದುಬಾರಿ ಕರೆಂಟು ಕೊಳ್ಳಬೇಕಾಗುವುದು ಎಂದು ಶಾಮಣ್ಣ ನೆನಪಿಸಿದರು. "ನಾವು ಆ ಹೊತ್ತಿನಲ್ಲಿ ದೀಪ ಆರಿಸಿದರೆ ಅವರು ನಮಗೆ ಹಾರ ಹಾಕಿ ಸನ್ಮಾನ ಮಾಡುತ್ತಾರೆ, ಅಷ್ಟೇ."

ಪುಟ್ಟಸ್ವಾಮಿಯವರ ವಾದ ಐತಿಹಾಸಿಕವಾದದ್ದು. "1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ನಮ್ಮೂರ ಪಕ್ಕದಲ್ಲೇ ಹರಿದುಹೋಗುವ ಕಾವೇರಿ ನೀರು! ನೀರೂ ನಮ್ಮದು, ದುಡ್ಡೂ ನಾವೇ ಕೊಡಬೇಕೇ?"

"ನೀವು ಎಲ್ಲಿ ಕೊಡುತ್ತಿದ್ದೀರಿ? ಮನೆಗೆ ಗೃಹಜ್ಯೋತಿ, ಬಿಲ್ಲು ಸೊನ್ನೆ. ಹೊಲದ ಪಂಪ್‌ಸೆಟ್ 10 ಅಶ್ವಶಕ್ತಿಯೊಳಗೆ, ಅದೂ ಸೊನ್ನೆ. ಎರಡು ಸೊನ್ನೆ ಇಟ್ಟುಕೊಂಡು ನಮ್ಮ ಹೋರಾಟದ ಮುಂದಾಳತ್ವ ವಹಿಸುತ್ತೀರಾ?" ಎಂದ ರಾಜಣ್ಣ. ಅವನ ಗಿರಣಿ ಕೈಗಾರಿಕೆಯ ವರ್ಗಕ್ಕೆ ಸೇರಿದ್ದು. ತಿಂಗಳಿಗೊಮ್ಮೆ ಬಿಲ್ಲು ಬಂದಾಗ ಅವನ ಮುಖಕ್ಕೂ ಮೈಮೇಲಿನ ಹಿಟ್ಟಿಗೂ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಆಗ ಶಾಮಣ್ಣ ಪ್ರಕಟಣೆಯ ಕೊನೆಯ ಸಾಲನ್ನು ಓದಿದರು: ಆಕ್ಷೇಪಣೆ ಇದ್ದವರು 30 ದಿನಗಳೊಳಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಬರೆದು ಸಲ್ಲಿಸಬಹುದು.

ದರ ಏರಿಸುವುದು ಕಂಪನಿಯಲ್ಲ, ಮಂತ್ರಿಯೂ ಅಲ್ಲ. ಕಂಪನಿ ಕೇಳುತ್ತದೆ, ಆಯೋಗ ತೀರ್ಮಾನಿಸುತ್ತದೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅರ್ಜಿ ಬಂದ 120 ದಿನಗಳೊಳಗೆ, ಜನರ ಆಕ್ಷೇಪಣೆಗಳನ್ನೂ ಪರಿಗಣಿಸಿ, ಆದೇಶ ಹೊರಡಿಸಬೇಕು. ನಾವು ಮಾತ್ರ ಆದೇಶ ಬಂದ ಮರುದಿನ ಬೈಯಲು ಆರಂಭಿಸುತ್ತೇವೆ. 2023ರಲ್ಲಿ ಆದದ್ದೂ ಅದೇ: ಮೇ ತಿಂಗಳಲ್ಲಿ ಆದೇಶ, ಜೂನ್ 22ಕ್ಕೆ ವಾಣಿಜ್ಯೋದ್ಯಮಿಗಳ ಬಂದ್ ಕರೆ. ಆ ವರ್ಷ ಕಂಪನಿಗಳು ಯೂನಿಟ್ಟಿಗೆ ಸರಾಸರಿ 139 ಪೈಸೆ ಏರಿಕೆ ಕೇಳಿದ್ದವು, ಆಯೋಗ ಕೊಟ್ಟದ್ದು 70 ಪೈಸೆ.

"ಅರ್ಧಕ್ಕರ್ಧ! ಸೀರೆ ಅಂಗಡಿಯಲ್ಲಿ ನಾನೂ ಅಷ್ಟೇ ಇಳಿಸುತ್ತೇನೆ" ಎಂದರು ಲಲಿತಮ್ಮ.

"ಅಂಗಡಿಯವನು ಅದಕ್ಕೆಂದೇ ಹೆಚ್ಚು ಹೇಳಿರುತ್ತಾನೆ ಟೀಚರ್" ಎಂದೆ ನಾನು. ಇಡೀ ಸಂಜೆಯಲ್ಲಿ ನನಗೆ ಮಾತಾಡಲು ಸಿಕ್ಕ ಅವಕಾಶ ಅದೊಂದೇ.

ರಾಜಣ್ಣ ತಡಮಾಡದೆ ಹಿಟ್ಟಿನ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ಬರೆಯತೊಡಗಿದ. "ಮಾನ್ಯರೇ, ಅನ್ಯಾಯ! ಅನ್ಯಾಯ! ಅನ್ಯಾಯ!" ಶಾಮಣ್ಣ ಕೆಂಪು ಪೆನ್ನಿನಿಂದ ಮೂರನ್ನೂ ಹೊಡೆದುಹಾಕಿದರು.

"ಅನ್ಯಾಯ ಎಂದರೆ ಕಂಪನಿಯವರು 'ಗಮನಿಸಲಾಗಿದೆ' ಎಂದು ಬರೆದು ಮುಗಿಸುತ್ತಾರೆ. ಲೆಕ್ಕ ಕೇಳಿದರೆ ಉತ್ತರ ಕೊಡಲೇಬೇಕು. ನಮ್ಮ ಆಕ್ಷೇಪಣೆ, ಅವರ ಉತ್ತರ, ಆಯೋಗದ ಅಭಿಪ್ರಾಯ, ಈ ಮೂರೂ ಆದೇಶದಲ್ಲಿ ಅಚ್ಚಾಗುತ್ತವೆ."

"ನನ್ನ ಹೆಸರೂ ಅಚ್ಚಾಗುತ್ತದೆಯೇ?" ರಾಜಣ್ಣನ ಕಣ್ಣು ಅರಳಿತು. ಹೋರಾಟಕ್ಕೆ ನಿಜವಾದ ಬಲ ಬಂದದ್ದು ಆ ಕ್ಷಣದಲ್ಲಿ.

ಕೇಳಬೇಕಾದ ಲೆಕ್ಕ ಯಾವುದು? ಶಾಮಣ್ಣ ಗೋಧಿ ಮೂಟೆಯ ಮೇಲೆ ಕಾಗದ ಹರಡಿದರು. 2025ರ ಏಪ್ರಿಲ್‌ನಿಂದ ಮನೆ ಬಳಕೆಯ ದರವನ್ನು ಯೂನಿಟ್ಟಿಗೆ 5.90ರಿಂದ 5.80 ರೂಪಾಯಿಗೆ ಇಳಿಸಿದರು. ಪತ್ರಿಕೆಗಳಲ್ಲಿ ಅದು ದೊಡ್ಡ ಅಕ್ಷರದಲ್ಲಿ ಬಂತು. ಅದೇ ಆದೇಶದಲ್ಲಿ, ಎಷ್ಟೇ ಬಳಸಿದರೂ ತಿಂಗಳು ತಿಂಗಳು ಕಟ್ಟಬೇಕಾದ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ಮೂರು ಕಿಲೋವ್ಯಾಟ್ ಲೋಡ್ ಮಂಜೂರಾದ ಮನೆಗೆ ತಿಂಗಳಿಗೆ 75 ರೂಪಾಯಿ ಹೆಚ್ಚುವರಿ. ಯೂನಿಟ್ಟಿಗೆ ಹತ್ತು ಪೈಸೆ ಉಳಿಸುತ್ತ ಆ 75 ರೂಪಾಯಿಯನ್ನು ವಾಪಸು ಪಡೆಯಬೇಕಾದರೆ ತಿಂಗಳಿಗೆ 750 ಯೂನಿಟ್ ಉರಿಸಬೇಕು.

"ಅಂದರೆ ಉಳಿತಾಯ ಮಾಡಲು ಹಗಲೂ ರಾತ್ರಿ ಗೀಸರ್ ಹಾಕಿಡಬೇಕು" ಎಂದರು ಲಲಿತಮ್ಮ.

"ಅದರ ಜೊತೆಗೆ ನಿವೃತ್ತ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬತ್ತಿಗೆ ಯೂನಿಟ್ಟಿಗೆ 36 ಪೈಸೆ. ಹತ್ತು ಕೊಟ್ಟ ಕೈ ಮೂವತ್ತಾರು ಕಿತ್ತುಕೊಂಡಿತು." ನಿವೃತ್ತರಾದ ಶಾಮಣ್ಣ ಪಿಂಚಣಿ ಎಂಬ ಪದವನ್ನು ಮಾತ್ರ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು.

ಕಂಪನಿಯ ಖರ್ಚಿನಲ್ಲಿ ಸಿಂಹಪಾಲು ಕರೆಂಟು ಕೊಳ್ಳುವುದಕ್ಕೇ ಹೋಗುತ್ತದೆ. ಯಾರಿಂದ, ಎಷ್ಟಕ್ಕೆ ಕೊಂಡಿರಿ ಎಂದು ಕೇಳಬೇಕು. ಪಂಚಾಯಿತಿಗಳ ಬೀದಿದೀಪ ಮತ್ತು ನೀರು ಸರಬರಾಜಿನ ಬಾಕಿ ಎಷ್ಟು ಎಂದು ಕೇಳಬೇಕು. ಉಚಿತ ವಿದ್ಯುತ್ತಿನ ಸಹಾಯಧನವನ್ನು ಸರಕಾರ ಮುಂಗಡವಾಗಿ ಕೊಡಬೇಕೆಂದು 65ನೇ ಸೆಕ್ಷನ್ ಹೇಳುತ್ತದೆ. ಕೊಟ್ಟಿದೆಯೇ ಎಂದು ಕೇಳಬೇಕು. ಎಲ್ಲಕ್ಕಿಂತ ರಸವತ್ತಾದದ್ದು ಪಂಪ್‌ಸೆಟ್ಟಿನ ಲೆಕ್ಕ. ಬಹಳಷ್ಟು ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲ, ಬಳಕೆಯೆಲ್ಲ ಅಂದಾಜು. ತಂತಿಯಲ್ಲಿ ಸೋರಿದ್ದನ್ನೂ ಕಳುವಾದದ್ದನ್ನೂ ರೈತನ ಬಾವಿಗೆ ಇಳಿಸಿಬಿಟ್ಟರೆ ಪತ್ತೆಹಚ್ಚುವುದು ಹೇಗೆ? ನನ್ನನ್ನು ಕೇಳಿದರೆ, ಕಂಪನಿಯ ಇಡೀ ಅರ್ಜಿಯಲ್ಲಿ ಮೊದಲು ತೆರೆದು ನೋಡಬೇಕಾದ ಪುಟವೇ ಅದು.

"ನನ್ನ ಬೋರ್‌ವೆಲ್ ಹೆಸರು ಎತ್ತಬೇಡಿ" ಎಂದು ಪುಟ್ಟಸ್ವಾಮಿ ಎದ್ದು ನಿಂತರು.

"ನಿಮ್ಮ ಮೇಲೆ ದೂರಲ್ಲ ಮಾರಾಯರೇ. ನೀವು ಎತ್ತದ ನೀರನ್ನೂ ನಿಮ್ಮ ಲೆಕ್ಕಕ್ಕೆ ಬರೆಯುತ್ತಿದ್ದಾರೋ ಏನೋ ಎಂದು ನಿಮ್ಮ ಪರವಾಗಿಯೇ ಕೇಳುತ್ತಿದ್ದೇವೆ" ಎಂದರು ಶಾಮಣ್ಣ.

ಪುಟ್ಟಸ್ವಾಮಿ ಕುಳಿತರು. "ಹಾಗಾದರೆ ಮೊದಲು ಅದನ್ನೇ ಬರೆಯಿರಿ."

ಆಕ್ಷೇಪಣೆಯನ್ನು ಕನ್ನಡದಲ್ಲಿಯೇ ಬರೆಯುವುದು, ಜೊತೆಗೆ ಅಫಿಡವಿಟ್ ಇಡುವುದು, ಒಂದು ಪ್ರತಿಯನ್ನು ಕಂಪನಿಗೂ ಕಳಿಸುವುದು, ಖುದ್ದಾಗಿ ಮಾತಾಡಲು ಅವಕಾಶ ಬೇಕೆಂದು ಅದರಲ್ಲಿಯೇ ಕೇಳುವುದು ಎಂದು ತೀರ್ಮಾನವಾಯಿತು. ಬಹಿರಂಗ ವಿಚಾರಣೆ ಮೈಸೂರಿನಲ್ಲಿ. ಅಲ್ಲಿಗೆ ಕೈಗಾರಿಕಾ ಸಂಘದವರು ಕಡತ ಹಿಡಿದು ಬರುತ್ತಾರೆ. ಮನೆ ಬಳಕೆದಾರರು ಬೆರಳೆಣಿಕೆಯಷ್ಟು. ನಮ್ಮ ಪರವಾಗಿ ರಾಜಣ್ಣ ಮಾತಾಡುವುದೆಂದಾಯಿತು. ಅವನು ತಕ್ಷಣ ತಕ್ಕಡಿಯ ಪಕ್ಕ ನಿಂತು, "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಮಾನ್ಯರೇ" ಎಂದು ಅಭ್ಯಾಸ ಶುರುಮಾಡಿದ. "ನಮಗೆ ಸಿಗುವುದೇ ನಾಲ್ಕು ನಿಮಿಷ. ಗಣ್ಯರನ್ನು ಬಿಟ್ಟು ನೇರವಾಗಿ ಬಾಕಿಗೆ ಬಾ" ಎಂದರು ಲಲಿತಮ್ಮ.

ಉಳಿದದ್ದು ನೋಟರಿಯ ಖರ್ಚು. ಸಮನಾಗಿ ಹಂಚಿಕೊಳ್ಳೋಣ ಎಂದರು ಶಾಮಣ್ಣ. ಗಿರಣಿಯವನಿಗೆ ಲಾಭ ಹೆಚ್ಚು, ಅವನೇ ಕೊಡಲಿ ಎಂದರು ಪುಟ್ಟಸ್ವಾಮಿ. ಸೊನ್ನೆ ಬಿಲ್ಲಿನವರು ಹೋರಾಟದಲ್ಲೂ ಸೊನ್ನೆಯೇ ಕೊಡುವುದಾದರೆ ಸಹಾಯಧನವನ್ನು ಯಾರು ತುಂಬಿಕೊಡುತ್ತಾರೆ ಎಂದು ರಾಜಣ್ಣ ಕೇಳಿದ. ಕೊನೆಗೆ ಲಲಿತಮ್ಮ ತಲೆಗೆ ಇಪ್ಪತ್ತು ರೂಪಾಯಿ ನಿಗದಿತ ಶುಲ್ಕ, ಉಳಿದದ್ದು ಅವರವರ ಲೋಡಿಗೆ ತಕ್ಕಂತೆ ಎಂದು ಆದೇಶ ಹೊರಡಿಸಿದರು.

ಪುಟ್ಟಸ್ವಾಮಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ತಮಗೆ ಆಕ್ಷೇಪಣೆ ಸಲ್ಲಿಸಲು 30 ದಿನ ಬೇಕೆಂದರು.